ಮೂರು ಗುಲಗಂಜಿ ಕಡಿಮೆ

"ನೀವೆಲ್ಲ ಈಗ ತಿಂದ ಪಾಯಸದಲ್ಲಿ ಗುಲಗಂಜಿ ಇತ್ತು," ಎಂದೆ.

ಚಮಚಗಳು ಬಾಯಿಯ ಹತ್ತಿರವೇ ನಿಂತವು. ಇಂಥ ಮಾತು ಕೇಳಿದ ತಕ್ಷಣ ಯಾರೂ ನಂಬುವುದಿಲ್ಲ. ನಂಬುವ ಮೊದಲೇ ಮುಖಗಳನ್ನು ನೋಡಿಕೊಂಡುಬಿಡಬೇಕು. ಆಮೇಲೆ ನಟನೆ ಶುರುವಾಗುತ್ತದೆ, ನೋಡಿ ಪ್ರಯೋಜನವಿಲ್ಲ.

ಅಲ್ಲಿಯವರೆಗೆ ಮೇಜಿನ ಸುತ್ತ ಮಾತೆಲ್ಲ ಪಾಯಸದ್ದೇ. ತನ್ಮಯಿಗೆ ಅಂದು ಏಳು ತುಂಬಿತ್ತು. ಸಾವಾದ ಮನೆ, ಆದರೂ ಮಗುವಿಗಾಗಿ ಒಂದಿಷ್ಟು ಸಿಹಿ ಮಾಡಿ ಎಂದು ಅವಳ ಅಜ್ಜಿ ಸುವರ್ಣಮ್ಮನವರಿಗೆ ಹೇಳಿದ್ದು ನಾನೇ. ಬೆಲ್ಲ ಹಾಕಿ ಸಬ್ಬಕ್ಕಿ ಪಾಯಸ ಮಾಡಿದ್ದರು. "ಮಗೂಗೆ ಬೇಡ, ಅವಳಿಗೆ ಐಸ್‌ಕ್ರೀಮ್ ತೆಗೆದಿಟ್ಟಿದೀನಿ," ಎಂದರು. ಸೊಸೆ ಲತಾಶ್ರೀ ಕೇಳಲಿಲ್ಲ. "ಅಜ್ಜಿ ಮಾಡಿದ್ದು ಪುಟ್ಟಿ, ಎರಡು ಸ್ಪೂನ್ ತಿನ್ನು," ಎಂದು ತಿನ್ನಿಸಿದಳು. ಬೋಲಿಂಗ್‌ಬ್ರೂಕ್‌ನಿಂದ ಬಂದಿದ್ದ, ಸತ್ತವರ ಗೆಳೆಯ ಡಾಕ್ಟರ್ ಶ್ಯಾಮ್ ಎರಡನೆಯ ಚಮಚಕ್ಕೇ ತಕರಾರು ತೆಗೆದರು. "ಅತ್ತಿಗೆ, ಏಲಕ್ಕಿ ಮರೆತ್ರಾ?" "ಮುಗಿದುಹೋಗಿದೆ, ತಂದಿಲ್ಲ," ಎಂದರು ಸುವರ್ಣಮ್ಮ. ಏಲಕ್ಕಿ ಇಲ್ಲದಿದ್ದರೂ ನಾನಂತೂ ಎರಡು ಸಲ ಹಾಕಿಸಿಕೊಂಡೆ. ಯಾರಿಗೂ ಅನುಮಾನ ಬರಬಾರದಲ್ಲ.

"ಏನಂದ್ರಿ?" ಎಂದ ಸುವರ್ಣಮ್ಮನವರ ಮಗ ವಿವೇಕ್.

"ಗುಲಗಂಜಿ. ನಿಮ್ಮ ತಂದೆಯವರನ್ನ ಕೊಂದಿದ್ದು. ಇಡೀ ಇಡೀ ಕಾಳು ಸೇರಿಸಿದ್ದೆ. ದ್ರಾಕ್ಷಿ ಜೊತೆ ನುಂಗಿರ್ತೀರಿ, ಗೊತ್ತಾಗಿರಲ್ಲ."

ವಿವೇಕ್ ಕುರ್ಚಿ ಕೆಡವಿ ಎದ್ದ. ಸಿಂಕಿನ ಕಡೆ ಓಡಿದ. ಓಡುವ ದಾರಿಯಲ್ಲೇ ಮಗಳು ಕೂತಿದ್ದಳು. ಅವಳ ಕಡೆ ತಿರುಗಿಯೂ ನೋಡಲಿಲ್ಲ. ಗಂಟಲಿಗೆ ಬೆರಳು ಹಾಕಿ ಬಗ್ಗಿದಾಗ ಅವನ ಮೊಣಕೈ ತಾಗಿ, ತೊಳೆದು ಬೋರಲು ಹಾಕಿದ್ದ ಮಿಕ್ಸಿಯ ಚಿಕ್ಕ ಜಾರು ಕೆಳಗೆ ಬಿದ್ದು ಉರುಳಿಕೊಂಡು ಮೇಜಿನ ತನಕ ಬಂತು. ನಾನಿರುವ ಲಿವೋನಿಯಾದಿಂದ ಇಷ್ಟು ದೂರ ಹಿಮದಲ್ಲಿ ಡ್ರೈವ್ ಮಾಡಿಕೊಂಡು ಬಂದದ್ದಕ್ಕೆ ಈ ಗಂಡಸಿನ ಧೈರ್ಯ ನೋಡುವ ಭಾಗ್ಯ ಸಿಕ್ಕಿತು ಎಂದುಕೊಂಡೆ.

ಲತಾಶ್ರೀ ತನ್ನ ಗಂಟಲನ್ನು ಮುಟ್ಟಿಕೊಳ್ಳಲೇ ಇಲ್ಲ. ಮಗುವನ್ನು ಎಳೆದು ತೊಡೆಯ ಮೇಲೆ ಬೋರಲು ಹಾಕಿ, ಬಾಯೊಳಗೆ ಎರಡು ಬೆರಳು ತುರುಕಿದಳು. ಹುಟ್ಟುಹಬ್ಬದ ಕಾಗದದ ಕಿರೀಟ ಕಾರ್ಪೆಟ್ಟಿನ ಮೇಲೆ ಬಿತ್ತು.

"ಮಮ್ಮೀ, ಸ್ಟಾಪ್! ಇಟ್ ಹರ್ಟ್ಸ್!"

ಹೊಟ್ಟೆಯಲ್ಲಿದ್ದದ್ದು ಆಚೆ ಬಂತು. ಮಗು ಉಸಿರು ಸಿಗದೆ ಬಿಕ್ಕಿತು.

"ಇನ್ನೊಂದ್ಸಲ ಮಾಡ್ಸು," ಎಂದರು ಸುವರ್ಣಮ್ಮ ಕೂತಲ್ಲಿಂದಲೇ. ಅಕ್ಕಿಯನ್ನು ಇನ್ನೊಂದು ಸಲ ತೊಳೆ ಎನ್ನುವ ಹಾಗಿತ್ತು ಆ ದನಿ.

ಲತಾಶ್ರೀ ಇನ್ನೊಂದು ಸಲ ಮಾಡಿಸಿದಳು. ಮಗು ಕಚ್ಚಿತು. ತಾಯಿಯ ಬೆರಳಿನಿಂದ ರಕ್ತ ಬಂತು. ಅವಳು ಬೆರಳು ತೆಗೆಯಲಿಲ್ಲ.

ನಾನು ನೋಡುತ್ತ ಕೂತಿದ್ದೆ. ಕನಿಕರ ಹುಟ್ಟಲಿಲ್ಲವೇ ಎಂದು ಕೇಳಿದರೆ, ಹುಟ್ಟಿತು. ಆದರೂ ನೋಡಿದೆ. ಇಪ್ಪತ್ತು ವರ್ಷ ಅಮೆರಿಕದ ಇನ್ಶೂರೆನ್ಸ್ ಕಂಪನಿಗಾಗಿ ಸತ್ತವರ ಮನೆಗಳಿಗೆ ಹೋಗಿ, ಅಳುವವರಲ್ಲಿ ಯಾರ ಅಳು ಸುಳ್ಳು ಎಂದು ಹುಡುಕಿದವಳು ನಾನು. ಆ ಕೆಲಸ ಬಿಟ್ಟು ನನ್ನದೇ ಪತ್ತೇದಾರಿ ಲೈಸೆನ್ಸ್ ತೆಗೆದುಕೊಂಡ ಮೇಲೂ ಕಣ್ಣು ಅದೇ.

ಕೂತಲ್ಲಿಂದ ಕದಲದವರು ಇಬ್ಬರು. ಡಾಕ್ಟರ್ ಶ್ಯಾಮ್, ಸುವರ್ಣಮ್ಮ.

ಸುವರ್ಣಮ್ಮನವರ ಗಂಡ ರವಿಶಂಕರ ಸತ್ತದ್ದು ಜನವರಿಯಲ್ಲಿ. ವಾಂತಿ, ರಕ್ತಭೇದಿ. ಮನೆಯವರೆಲ್ಲ ಹೊಟ್ಟೆಯ ಸೋಂಕು ಎಂದುಕೊಂಡರು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮೈಯಲ್ಲಿ ತ್ರಾಣವೇ ಉಳಿದಿರಲಿಲ್ಲ. ಆಮೇಲೆ ಬಂದ ಲ್ಯಾಬ್ ವರದಿ ಗುಲಗಂಜಿಯ ವಿಷ ಎಂದಿತು. ಪೊಲೀಸರ ಕಣ್ಣು ಬಿದ್ದದ್ದು ಲತಾಶ್ರೀಯ ಮೇಲೆ. ಮಾವನಿಗೆ ಊಟ ಬಡಿಸುತ್ತಿದ್ದವಳು ಅವಳು. ಕನ್ನಡ ಕ್ಲಾಸಿನ ಮಕ್ಕಳಿಗೆ ಅಳಗುಳಿಮಣೆ ಕಲಿಸಲು ಮೈಸೂರಿನಿಂದ ಒಂದು ಚೀಲ ಗುಲಗಂಜಿ ತರಿಸಿದ್ದಳು. ಆ ಚೀಲದಲ್ಲಿ ಒಂದು ಹಿಡಿ ಕಡಿಮೆ ಇತ್ತು. ನಾಳೆ ಬೆಳಿಗ್ಗೆ ಅವಳನ್ನು ಕರೆದೊಯ್ಯುತ್ತಾರೆ ಎಂದು ವಕೀಲರು ಹೇಳಿಯಾಗಿತ್ತು. ತಪ್ಪು ಮಾಡದೆ ಅವಳು ಹೋದರೆ ತನ್ಮಯಿ ಈ ಮನೆಯಲ್ಲಿ, ಕೊಂದವರ ಜೊತೆಯಲ್ಲೇ ಬೆಳೆಯಬೇಕು. ನನ್ನನ್ನು ಗೊತ್ತುಮಾಡಿದವಳು ಲತಾಶ್ರೀ. ನನಗೆ ಉಳಿದದ್ದು ಈ ಭಾನುವಾರದ ಮಧ್ಯಾಹ್ನ ಒಂದೇ.

"ಇಳಾ, ನೀವು ಮಾಡಿದ್ದು ಜೈಲಿಗೆ ಹಾಕೋ ಕೆಲಸ," ಎಂದರು ಶ್ಯಾಮ್. ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಂಡರು. "ವಿವೇಕ್, ಸಾಕು ಬಾರಪ್ಪ. ಇಡೀ ಕಾಳು ನುಂಗಿದ್ರೆ ಏನೂ ಆಗಲ್ಲ. ಸಿಪ್ಪೆ ಕಲ್ಲಿದ್ದ ಹಾಗಿರುತ್ತೆ. ಒಡೆದ್ರೆ ಮಾತ್ರ ವಿಷ."

"ನಿಮಗೆ ಹೇಗೆ ಗೊತ್ತು ಡಾಕ್ಟ್ರೇ?"

"ಲ್ಯಾಬ್ ರಿಪೋರ್ಟ್ ಬಂದ್ಮೇಲೆ ಓದ್ಕೊಂಡೆ."

"ನಿಮಗೆ?" ಎಂದು ಸುವರ್ಣಮ್ಮನವರ ಕಡೆ ತಿರುಗಿದೆ.

"ನಾನು ಅಕ್ಕಸಾಲಿಗರ ಮಗಳು," ಎಂದರು. "ನಾಲ್ಕು ವರ್ಷದವಳಿದ್ದಾಗ ಅಪ್ಪನ ಡಬ್ಬೀಂದ ಒಂದು ಕಾಳು ನುಂಗಿದ್ದೆ. ಅಮ್ಮ ಹೆದರಲಿಲ್ಲ, ಬೈದಳು ಅಷ್ಟೆ. ಎರಡು ದಿನ ನನ್ನ ಕಕ್ಕಸು ಕೆದಕಿ ಕೆದಕಿ ಆ ಕಾಳು ಹುಡುಕಿದ್ರು. ತೂಕದ ಕಾಳು ನೋಡಿ, ಒಂದು ಹೋದ್ರೆ ಇಡೀ ತೊಲ ಕೆಡುತ್ತೆ. ತೊಳೆದು ಮತ್ತೆ ಡಬ್ಬಿಗೆ ಹಾಕಿದ್ರು. ಅದರಲ್ಲೇ ಎಷ್ಟೋ ಜನರ ತಾಳಿ ತೂಗಿದಾರೆ."

ಸಿಂಕಿನ ಹತ್ತಿರದಿಂದ ವಿವೇಕ್ ತಿರುಗಿ ನೋಡಿದ. ಗಲ್ಲದ ಮೇಲೆ ಎಂಜಲು ಇಳಿಯುತ್ತಿತ್ತು.

"ಪಾಯಸದಲ್ಲಿ ನಾನು ಏನೂ ಹಾಕಿಲ್ಲ," ಎಂದೆ. "ಸುಳ್ಳು ಹೇಳಿದೆ."

ಬಯ್ಗುಳ ಬರುವುದು ಗೊತ್ತಿತ್ತು. ವಿವೇಕ್ ಎರಡು ಭಾಷೆಯಲ್ಲಿ ಬೈದ. ಮನೆ ಬಿಟ್ಟು ತೊಲಗು ಎಂದ. ಗುಲಗಂಜಿಯಷ್ಟೂ ನಾಚಿಕೆ ಇಲ್ಲವಾ ಎಂದ. ಯಾವ ಮಾತಿನಲ್ಲಿ ಬೈಯುತ್ತಿದ್ದೇನೆ ಎಂಬುದು ಅವನಿಗೇ ಆಮೇಲೆ ಹೊಳೆದು ಬಾಯಿ ಮುಚ್ಚಿದ.

ಲತಾಶ್ರೀ ಬೈಯಲಿಲ್ಲ. ಮಗುವಿನ ಬಾಯಿ ಒರೆಸಿ, ಪಕ್ಕದ ಕೋಣೆಯಲ್ಲಿ ಟೀವಿಯ ಮುಂದೆ ಕೂರಿಸಿ ಬಂದಳು. ಬೆರಳಿಗೆ ಟಿಶ್ಯೂ ಸುತ್ತಿಕೊಂಡಿದ್ದಳು.

"ನನ್ನ ಮಗು ಮೇಲೆ ಮಾಡಿದ್ರಿ," ಎಂದಳು. "ನಾನು ನಿಮ್ಮನ್ನ ಕರೆಸಿದ್ದು ಇದಕ್ಕಾ ಇಳಾ ಮೇಡಂ?"

"ಹೌದು, ಇದಕ್ಕೇ. ಇಡೀ ಕಾಳು ಏನೂ ಮಾಡಲ್ಲ ಅನ್ನೋದು ನಿಮಗೆ ಗೊತ್ತಿರಲಿಲ್ಲ. ಒಡೆದು ತಿನ್ನಿಸಿದವರಿಗೆ ಅದು ಗೊತ್ತಿರಲೇಬೇಕು. ನೀವಲ್ಲ ಅಂತ ನನಗೆ ಈಗ ಖಾತ್ರಿ ಆಯ್ತು."

"ಇಷ್ಟು ದಿನ ಖಾತ್ರಿ ಇರ್ಲಿಲ್ವಾ?"

"ಇರ್ಲಿಲ್ಲ."

ಅವಳ ಮುಖ ಇಳಿದುಹೋಯಿತು. ಸಮಾಧಾನ ಮಾಡುವಷ್ಟು ಹೊತ್ತು ನನ್ನ ಹತ್ತಿರ ಇರಲಿಲ್ಲ.

"ಪೊಲೀಸರಿಗೆ ವಾಂತಿ ತೋರಿಸಿದ್ರೆ ನಡೆಯಲ್ಲ," ಎಂದೆ. "ರವಿಶಂಕರ ಅವರ ತೂಕದ ಡಬ್ಬಿ ತನ್ನಿ."

ರವಿಶಂಕರನ ಕಸುಬೇ ತೂಕ. ರಾಚೆಸ್ಟರ್ ಹಿಲ್ಸ್‌ನ ಕಾರು ಬಿಡಿಭಾಗದ ಕಂಪನಿಯೊಂದರಲ್ಲಿ ಅಳತೆಯ ಯಂತ್ರಗಳು ಸರಿಯಿವೆಯೇ ಎಂದು ನೋಡುವ ಎಂಜಿನಿಯರ್ ಆಗಿದ್ದ. ನಿವೃತ್ತಿಯಾದ ಮೇಲೆ ಹಳೆಯ ತೂಕದ ಬಟ್ಟುಗಳ ಹುಚ್ಚು ಹಿಡಿಯಿತು. ಆ ಹುಚ್ಚಿನ ಮೂಲ ಅವನ ಹೆಂಡತಿಯ ತಂದೆಯ ಹಿತ್ತಾಳೆ ಡಬ್ಬಿ. ಅದರಲ್ಲಿ ತೊಂಬತ್ತಾರು ಗುಲಗಂಜಿ ಕಾಳು, ಒಂದು ತೊಲದ ಬಟ್ಟು, ದಾರದಲ್ಲಿ ತೂಗುಬಿಟ್ಟ ಪುಟ್ಟ ತ್ರಾಸು. ಪೊಲೀಸರು ಕಾಳು ಎಣಿಸಿದ್ದರು. ತೊಂಬತ್ತಾರೂ ಇದ್ದವು. ಹಾಗಾದರೆ ವಿಷ ಈ ಡಬ್ಬಿಯದಲ್ಲ, ಲತಾಶ್ರೀಯ ಚೀಲದ್ದು ಎಂದು ಅವರು ತೀರ್ಮಾನಿಸಿದ್ದರು.

ಡಬ್ಬಿ ಮೇಜಿನ ಮೇಲೆ ಬಂತು. ವಿವೇಕ್ ಪಾಯಸದ ಬಟ್ಟಲುಗಳನ್ನು ಒಂದು ಪಕ್ಕಕ್ಕೆ ಸರಿಸಿದ. ಸುವರ್ಣಮ್ಮ ತಮ್ಮ ಬಟ್ಟಲನ್ನು ಮಾತ್ರ ಬಿಡಲಿಲ್ಲ.

"ಡಾಕ್ಟ್ರೇ, ನವೆಂಬರಿನಲ್ಲಿ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ರವಿಶಂಕರ ಅವರು ಗುಲಗಂಜಿ ಬಗ್ಗೆ ಮಾತಾಡಿದ್ರಲ್ಲ, ನೀವೂ ಬಂದಿದ್ರಂತೆ?"

"ಬಂದಿದ್ದೆ. ಚೆನ್ನಾಗಿ ಮಾತಾಡ್ದ."

"ಏನು ಹೇಳಿದ್ರು?"

ಶ್ಯಾಮ್ ಗೆಳೆಯನ ನೆನಪಿನಲ್ಲಿ ಸ್ವಲ್ಪ ಮೆತ್ತಗಾದರು. "ಕಾಳೇ ಯಾಕೆ ತೂಕ ಆಯ್ತು ಅಂತ. ಬಳ್ಳಿಯ ಬೀಜ, ಕೆಂಪು ಮೈ, ಕಪ್ಪು ಕಣ್ಣು. ಒಣಗಿದ್ರೂ ತೂಕ ಇಳಿಯಲ್ಲ, ನೆನೆದ್ರೂ ಏರಲ್ಲ. ಒಂದು ಕಾಳಿಗೂ ಇನ್ನೊಂದಕ್ಕೂ ವ್ಯತ್ಯಾಸ ಇಲ್ಲ. ಕಬ್ಬಿಣದ ಬಟ್ಟು ಮಾಡೋರು ಇಲ್ಲದ ಊರಲ್ಲೂ ಬೇಲಿ ಮೇಲೆ ಸಿಗುತ್ತೆ. ಅದಕ್ಕೇ ಅಕ್ಕಸಾಲಿಗರು ಅದನ್ನ ಹಿಡ್ಕೊಂಡ್ರು. ಉತ್ತರದ ಕಡೆಯೋರು ರತ್ತಿ ಅಂತಾರಲ್ಲ, ಅದೂ ಇದೇ. ರಕ್ತದ ಬಣ್ಣ ಅಂತ ಆ ಹೆಸರು. ತೊಂಬತ್ತಾರು ಸೇರಿದ್ರೆ ಒಂದು ತೊಲ. ಈಗ ಅಂಗಡಿಯೋರು ಹತ್ತು ಗ್ರಾಮಿಗೇ ತೊಲ ಅಂದುಬಿಡ್ತಾರೆ, ಅದು ತಪ್ಪು ಅಂತ ಬೈದ."

"ಆಮೇಲೆ?"

"ಆಮೇಲೆ ಕಾಫಿ ಬ್ರೇಕ್. ಸ್ನೋ ಶುರುವಾಗುತ್ತೆ ಅಂತ ಅಲರ್ಟ್ ಬಂದಿತ್ತು. ನಾನು ಬೋಲಿಂಗ್‌ಬ್ರೂಕ್‌ವರೆಗೆ ಐದು ಗಂಟೆ ಓಡಿಸಬೇಕಲ್ಲ, ಕಾಫಿ ಕುಡಿದು ಹೊರಟೆ."

"ಕಾಫಿ ಆದ್ಮೇಲೆ ಏನು ಹೇಳಿದ್ರು ಅಂತ ಯಾರಾದ್ರೂ ನಿಮಗೆ ಹೇಳಿದ್ರಾ?"

"ಇಲ್ಲ. ಅದನ್ನೇ ಮುಂದುವರಿಸಿರ್ತಾನೆ."

ಲತಾಶ್ರೀ ಬಾಯಿ ತೆರೆದಳು. ನಾನು ಕೈಯೆತ್ತಿ ತಡೆದೆ.

ತ್ರಾಸನ್ನು ಎತ್ತಿ ಹಿಡಿದೆ. ಒಂದು ತಟ್ಟೆಯಲ್ಲಿ ತೊಲದ ಬಟ್ಟು. ಇನ್ನೊಂದರಲ್ಲಿ ತೊಂಬತ್ತಾರು ಕಾಳುಗಳನ್ನು ಸುರಿದೆ. ತಟ್ಟೆಗಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆಡಿ ಮೆಲ್ಲಗೆ ನಿಂತವು. ಮುಳ್ಳು ನೆಟ್ಟಗಿತ್ತು. ಎರಡೂ ಕಡೆ ಸಮ.

"ನೋಡಿ, ಸರಿಯಾಗಿದೆ," ಎಂದರು ಶ್ಯಾಮ್. ಅವರ ಎದೆಯಿಂದ ಉಸಿರು ಇಳಿದದ್ದು ನನಗೆ ಕೇಳಿಸಿತು. "ಒಂದು ಗುಲಗಂಜಿ ಹೆಚ್ಚಿಲ್ಲ, ಕಡಿಮೆ ಇಲ್ಲ. ಈ ಡಬ್ಬೀನ ಯಾರೂ ಮುಟ್ಟಿಲ್ಲ."

ವಿವೇಕ್ ತ್ರಾಸಿನ ಮುಳ್ಳನ್ನೇ ನೋಡುತ್ತಿದ್ದ.

"ಇದು ಸರಿ ಇರಕ್ಕಾಗಲ್ಲ ಅಂಕಲ್," ಎಂದ.

"ಯಾಕಪ್ಪ?"

"ಬ್ರೇಕ್ ಆದ್ಮೇಲೆ ಅಪ್ಪ ಹೇಳಿದ್ದೇ ಉಲ್ಟಾ. ಪ್ರೊಜೆಕ್ಟರ್ ನಾನೇ ನಡೆಸ್ತಿದ್ದೆ. ಎಲ್ಲಾ ಕಾಳೂ ಒಂದೇ ತೂಕ ಅನ್ನೋದು ಬರೀ ಕಟ್ಟುಕಥೆ ಅಂದ್ರು. ಆಫೀಸಿನ ಬ್ಯಾಲೆನ್ಸಲ್ಲಿ ಒಂದೊಂದೇ ಇಟ್ಟು ನೋಡಿದ್ರಂತೆ. ಒಂದು ಸಣ್ಣದು, ಇನ್ನೊಂದು ಅದರ ಎರಡರಷ್ಟು. ಅಕ್ಕಸಾಲಿಗ ಆರಿಸಿ ಆರಿಸಿ ಸೆಟ್ ಮಾಡ್ತಾನೆ, ಆ ಆರಿಸೋ ಕೈಯಲ್ಲೇ ಮೋಸ ಇರೋದು ಅಂದ್ರು. ಕೊಳ್ಳುವಾಗ ದಪ್ಪ ಕಾಳು, ಮಾರುವಾಗ ಸಣ್ಣ ಕಾಳು. ಅದಕ್ಕೆ ಉದಾಹರಣೆ..." ಅವನು ತಾಯಿಯ ಕಡೆ ನೋಡಿ ನಿಲ್ಲಿಸಿದ.

"ಹೇಳಿ," ಎಂದೆ.

"ಉದಾಹರಣೆಗೆ ತಾತನ ಡಬ್ಬಿ ತೋರಿಸಿದ್ರು. ಇದೇ ಡಬ್ಬಿ. 'ನಮ್ಮ ಮಾವನ ತೊಲಕ್ಕೆ ಮೂರು ಗುಲಗಂಜಿ ಕಡಿಮೆ' ಅಂದ್ರು. ಎಲ್ಲರೂ ನಕ್ಕರು."

ಈಗ ಶ್ಯಾಮ್ ಮುಖ ನೋಡಬೇಕಿತ್ತು. ಎಪ್ಪತ್ತರ ಆಸುಪಾಸಿನ ಮನುಷ್ಯ, ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. ಹೊರಗೆ ಮೈನಸ್ ಹನ್ನೆರಡು ಡಿಗ್ರಿ ಚಳಿ.

"ಕಡಿಮೆ ತೂಗಬೇಕಾದ ಡಬ್ಬಿ ಸಮ ತೂಗ್ತಿದೆ," ಎಂದೆ. "ಯಾರೋ ಇದರಿಂದ ಕಾಳು ತೆಗೆದಿದಾರೆ. ಆಮೇಲೆ ಯಾರೋ ಲತಾಶ್ರೀ ಚೀಲದ ಕಾಳು ಸುರಿದು ತುಂಬಿದಾರೆ. ಚೀಲದಲ್ಲಿ ಕಡಿಮೆ ಆಗಿರೋ ಆ ಒಂದು ಹಿಡಿ ಯಾರ ಹೊಟ್ಟೆಗೂ ಹೋಗಿಲ್ಲ, ಈ ತಟ್ಟೆಯಲ್ಲೇ ಇದೆ. ತುಂಬಿದವರು ಬಹಳ ಜಾಗ್ರತೆಯ ಮನುಷ್ಯರು. ತೊಂಬತ್ತಾರು ಎಣಿಸಿದ್ದಷ್ಟೇ ಅಲ್ಲ, ತೊಲದ ಬಟ್ಟಿನ ಎದುರು ಇಟ್ಟು, ಮುಳ್ಳು ನೆಟ್ಟಗೆ ನಿಲ್ಲೋತನಕ ಕಾಳು ಬದಲಾಯಿಸಿದಾರೆ. ಡಬ್ಬಿ ಮೂರು ಕಡಿಮೆ ಅಂತ ಇಡೀ ಸಭೆಗೆ ಗೊತ್ತಿತ್ತು. ಈ ಮನೆಗೆ ಬಂದು ಹೋಗೋರಲ್ಲಿ ಅದು ಗೊತ್ತಿಲ್ಲದೆ ಇದ್ದವರು ಒಬ್ಬರೇ. ಅವರು ಕಾಫಿ ಕುಡಿದು ಹೊರಟಿದ್ರು."

ಶ್ಯಾಮ್ ಕನ್ನಡಕವನ್ನು ಮತ್ತೆ ಒರೆಸಲು ಹೋದರು. ಅದು ಜಾರಿ ಮೇಜಿನ ಮೇಲೆ ಬಿತ್ತು.

"ನಾನು ಕೊಂದಿಲ್ಲ."

"ಕೊಂದ್ರಿ ಅಂತ ನಾನು ಅಂದಿಲ್ಲ. ತುಂಬಿದ್ರಾ?"

"ಅವನು ಸತ್ತ ಮಾರನೇ ದಿನ ಅವನ ರೂಮಲ್ಲಿ ಡಬ್ಬಿ ತೆರೆದೆ. ಮೂರನೇ ಒಂದು ಪಾಲು ಖಾಲಿ. ನಾನು ಡಾಕ್ಟರ್ ಅಲ್ವಾ, ತಕ್ಷಣ ಹೊಳೀತು. ರವಿ ತಾನೇ ತಿಂದ್ಬಿಟ್ಟಿದಾನೆ ಅಂದ್ಕೊಂಡೆ. ಮನೆಯೋರಿಗೆ ಗೊತ್ತಾಗೋದು ಬೇಡ ಅಂತ..."

"ಮನೆಯವರಿಗಾಗಿ?"

ಅವರು ತಲೆ ತಗ್ಗಿಸಿದರು.

"ನಾನು ಫೋನಲ್ಲಿ ಹೇಳಿದ್ದೆ. ಆಸ್ಪತ್ರೆ ಬೇಡ, ಹೊಟ್ಟೆ ಕೆಟ್ಟಿದೆ ಅಷ್ಟೆ, ಮಜ್ಜಿಗೆ ಕುಡಿ ಅಂದೆ. ಮೂರು ದಿನ ಅದನ್ನೇ ಹೇಳ್ದೆ. ವಿಷ ಅಂತ ಗೊತ್ತಾದ್ರೆ ನನ್ನ ಹೆಸರು ಬರುತ್ತೆ. ನಲವತ್ತು ವರ್ಷ ಪ್ರಾಕ್ಟೀಸ್ ಮಾಡಿದೋನು, ಎಲ್ಲರೂ ಏನಂತಾರೆ?"

"ಅಂಕಲ್," ಎಂದಳು ಲತಾಶ್ರೀ. ದನಿ ಏರಲಿಲ್ಲ, ಅದು ಏರಿದ್ದರೆ ಅವರಿಗೆ ಸುಲಭವಾಗುತ್ತಿತ್ತು. "ನನ್ನ ಚೀಲದಲ್ಲಿ ಕಡಿಮೆ ಇದೆ ಅಂತ ಪೊಲೀಸರು ನನ್ನ ನಾಲ್ಕು ಗಂಟೆ ಕೂರಿಸಿ ಕೇಳಿದ್ರು. ಆವತ್ತು ನೀವು ಇಲ್ಲೇ ಇದ್ರಿ. ನನ್ನ ತಲೆ ಮೇಲೆ ಕೈ ಇಟ್ಟು, ದೇವರಿದಾನಮ್ಮ ಅಂದ್ರಿ."

"ಕೇಸ್ ನಿಲ್ಲಲ್ಲ ಅಂದ್ಕೊಂಡಿದ್ದೆ ತಾಯಿ."

"ನಿಂತಿದ್ರೆ?"

ಶ್ಯಾಮ್ ಮೇಜಿನ ಮೇಲಿದ್ದ ಕನ್ನಡಕ ಎತ್ತಿ ಹಾಕಿಕೊಂಡರು. ನಾಳೆ ಬೆಳಿಗ್ಗೆ ಅವಳ ಕೈಗೆ ಬೇಡಿ ಹಾಕಿದ್ದರೂ ಇವರು ಹೀಗೆಯೇ ಕೂತಿರುತ್ತಿದ್ದರು. ಕೊಂದವರಿಗಿಂತ ಇಂಥವರನ್ನು ಕಂಡರೆ ನನಗೆ ಹೆಚ್ಚು ಅಸಹ್ಯ.

ಮೇಜಿನ ಮೇಲಿದ್ದ ನನ್ನ ಫೋನನ್ನು ತಿರುಗಿಸಿ ತೋರಿಸಿದೆ. ಎಲ್ಲ ರೆಕಾರ್ಡ್ ಆಗಿತ್ತು. "ಲತಾಶ್ರೀ, ನಾಳೆ ನಿಮ್ಮನ್ನ ಯಾರೂ ಕರ್ಕೊಂಡು ಹೋಗಲ್ಲ," ಎಂದೆ.

ಅವಳು ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಪಕ್ಕದ ಕೋಣೆಯಿಂದ ಕಾರ್ಟೂನಿನ ನಗು ಕೇಳಿಸುತ್ತಿತ್ತು. ನನಗೆ ನನ್ನ ಬಗ್ಗೆಯೇ ಬಹಳ ಹೆಮ್ಮೆಯಾಯಿತು.

"ಇನ್ನು ಒಂದೇ ಪ್ರಶ್ನೆ," ಎಂದೆ. "ಒಬ್ಬ ಮುದುಕನ್ನ ಕೊಲ್ಲಕ್ಕೆ ನಾಲ್ಕಾರು ಕಾಳು ಸಾಕಿತ್ತು. ಡಬ್ಬೀಂದ ಹೋಗಿರೋದು ಮೂರನೇ ಒಂದು ಪಾಲು. ತೆಗೆದವರು ಯಾರು? ಉಳಿದ ಕಾಳೆಲ್ಲಿ?"

ವಿವೇಕ್ ಮೆಲ್ಲಗೆ ತಿರುಗಿದ. "ಅಮ್ಮ?"

ಸುವರ್ಣಮ್ಮ ತಟ್ಟೆಯಿಂದ ಒಂದು ಕಾಳು ಎತ್ತಿ ಎರಡು ಬೆರಳ ನಡುವೆ ಹೊರಳಿಸಿದರು. "ಇದು ಅಪ್ಪಂದು," ಎಂದರು. ಇನ್ನೊಂದನ್ನು ಎತ್ತಿ ನೆಲಕ್ಕೆ ಎಸೆದರು. "ಇದಲ್ಲ."

"ಅಮ್ಮ, ನೀವು ಆವತ್ತು ನಕ್ಕಿದ್ರಿ. ಮುಂದಿನ ಸಾಲಲ್ಲಿ ಕೂತು ಎಲ್ಲರ ಜೊತೆ ನಕ್ಕಿದ್ರಿ."

"ಮತ್ತೇನು ಅಳಬೇಕಿತ್ತಾ, ಮುನ್ನೂರು ಜನರ ಮುಂದೆ?" ಕಾಳನ್ನು ಮುಷ್ಟಿಯಲ್ಲಿ ಇಟ್ಟುಕೊಂಡರು. "ಡಬ್ಬಿ ಕಡಿಮೆ ಅಂತ ನನಗೆ ಹತ್ತು ವರ್ಷಕ್ಕೇ ಗೊತ್ತಿತ್ತು ಕಣೋ. ಆ ಮೂರು ಗುಲಗಂಜೀಲೇ ನಾವು ಐದು ಜನ ಉಂಡಿದ್ದು. ನಿಮ್ಮಪ್ಪ ಅಮೆರಿಕಕ್ಕೆ ಓದಕ್ಕೆ ಬಂದಿದ್ದೂ ಅದರಲ್ಲೇ. ಟಿಕೆಟ್ಟು, ಫೀಸು, ಕೋಟು, ಎಲ್ಲಾ ನಮ್ಮಪ್ಪ ಕೊಟ್ಟಿದ್ದು. ಅದು ಆ ಮಾತಲ್ಲಿ ಬರ್ಲಿಲ್ಲ. ನಮ್ಮಪ್ಪನ ಫೋಟೋ ಪರದೆ ಮೇಲೆ ಹಾಕಿ, ಕಳ್ಳ ಅಂದ್ರು. ಫೋಟೋ ಹಾಕಿದ್ದು ಯಾರು?"

ವಿವೇಕ್ ಹಿಂದಕ್ಕೆ ಸರಿದ.

"ಮೊದಲು ನಕ್ಕಿದ್ದು ಯಾರು?" ಸುವರ್ಣಮ್ಮ ಸೊಸೆಯ ಕಡೆ ನೋಡಿದರು. ಲತಾಶ್ರೀ ಮುಖದಿಂದ ಕೈ ತೆಗೆದಳು.

"ಡಾಕ್ಟ್ರು ಅಲ್ಲಿರ್ಲಿಲ್ಲ ಪಾಪ. ಇವತ್ತು ಅವರನ್ನ ಊಟಕ್ಕೆ ಕರೆದೋಳೂ ನಾನಲ್ಲ. ನೀವು ಕರೆದ್ರಿ," ಎಂದರು ನನಗೆ. "ಸಿಹಿ ಮಾಡಿ ಅಂತ ಹೇಳಿದ್ದೂ ನೀವೇ. ನಿಮ್ಮ ಮೇಲೆ ನನಗೆ ಏನೂ ಕೋಪ ಇರ್ಲಿಲ್ಲ ಇಳಾ."

"ಉಳಿದ ಕಾಳೆಲ್ಲಿ ಸುವರ್ಣಮ್ಮನವರೇ?"

ಅವರು ತಮ್ಮ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, ತಳದಲ್ಲಿ ಉಳಿದದ್ದನ್ನು ಚಮಚದಲ್ಲಿ ಕೆರೆದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ನುಂಗಿದರು.

"ಮಗೂಗೆ ಬೇಡ, ಐಸ್‌ಕ್ರೀಮ್ ಕೊಡಿ ಅಂದೆ," ಎಂದರು. "ಯಾರೂ ಕೇಳ್ಲಿಲ್ಲ."

ನನ್ನ ಹೆಮ್ಮೆ ಅಲ್ಲೇ ಇಳಿಯಿತು. ಇಡೀ ಕಾಳು ಏನೂ ಮಾಡುವುದಿಲ್ಲ ಎಂದು ಬಾಲ್ಯದಿಂದ ಗೊತ್ತಿದ್ದ ಹೆಂಗಸು, ಮೊಮ್ಮಗಳಿಗೆ ಇನ್ನೊಂದು ಸಲ ವಾಂತಿ ಮಾಡಿಸು ಎಂದಿದ್ದರು. ಕಣ್ಣ ಮುಂದೆಯೇ ನಡೆದರೂ ನನಗೆ ಹೊಳೆದಿರಲಿಲ್ಲ.

"ಸುಳ್ಳು," ಎಂದೆ. "ನಮ್ಮನ್ನ ಹೆದರಿಸ್ತಿದೀರಿ."

"ಇರಬಹುದು. ನೀವೂ ಹೆದರಿಸಿದ್ರಲ್ಲ," ಎಂದರು ಸುವರ್ಣಮ್ಮ. "ನಿಮ್ಮದು ಸುಳ್ಳು ಅಂತ ಕೂತಲ್ಲೇ ಗೊತ್ತಾಯ್ತು. ನನ್ನದು ಏನು ಅಂತ ಗೊತ್ತಾಗಕ್ಕೆ ನಾಳೆ ತನಕ ಬೇಕು."

ಲತಾಶ್ರೀ ಆಗಲೇ ಪಕ್ಕದ ಕೋಣೆಗೆ ಓಡಿದ್ದಳು. ಶ್ಯಾಮ್ ಎದ್ದು ನಿಲ್ಲಲು ಹೋಗಿ ಮೇಜು ಹಿಡಿದುಕೊಂಡರು. ನನ್ನ ಕಾಲಿಗೆ ಏನೋ ತಣ್ಣಗೆ ತಾಗಿತು. ಬಗ್ಗಿ ನೋಡಿದೆ. ಸಿಂಕಿನಿಂದ ಉರುಳಿ ಬಂದಿದ್ದ ಮಿಕ್ಸಿಯ ಚಿಕ್ಕ ಜಾರು. ಆಗತಾನೇ ತೊಳೆದದ್ದು, ಒಳಗಿನ್ನೂ ನೀರಿನ ಹನಿ ಇತ್ತು.

ಏಲಕ್ಕಿಯೂ ಹಾಕದ ಸಬ್ಬಕ್ಕಿ ಪಾಯಸಕ್ಕೆ ಮಿಕ್ಸಿಯಲ್ಲಿ ಪುಡಿ ಮಾಡುವಂಥದ್ದು ಏನೂ ಇರುವುದಿಲ್ಲ.

ನಾನು ಎರಡು ಸಲ ಹಾಕಿಸಿಕೊಂಡಿದ್ದೆ.